ನಾರ್ದರ್ನ್ ಲೈನನ್ನು ಎರಡಾಗಿ ಒಡೆಯಬೇಕಾ? ಲಂಡನ್‌ನಲ್ಲಿರುವವರು ಹೇಳಿ

ಕೊನೆಬೋಗಿ:
ಲಂಡನ್ ಟ್ಯೂಬ್‌ನ, ಅಂದರೆ ಅಲ್ಲಿನ ಮೆಟ್ರೋದ, ನಾರ್ದರ್ನ್ ಲೈನ್ ನಕ್ಷೆಯಲ್ಲಿ ಒಂದೇ ಕಪ್ಪು ಬಣ್ಣ. ಓಡುವ ರೀತಿ ಮಾತ್ರ ಒಂದು ಲೈನಿನದ್ದಲ್ಲ. ಉತ್ತರದಲ್ಲಿ ಎಜ್‌ವೇರ್ ಕಡೆ ಒಂದು ಕವಲು, ಹೈ ಬಾರ್ನೆಟ್ ಕಡೆ ಇನ್ನೊಂದು. ಎರಡೂ ಕ್ಯಾಮ್ಡೆನ್ ಟೌನ್‌ನಲ್ಲಿ ಸೇರುತ್ತವೆ. ಸೇರಿದ ತಕ್ಷಣ ಮತ್ತೆ ಬೇರೆ: ಒಂದು ದಾರಿ ಬ್ಯಾಂಕ್ ಅನ್ನುವ ನಿಲ್ದಾಣದ ಮೂಲಕ, ಇನ್ನೊಂದು ಚೇರಿಂಗ್ ಕ್ರಾಸ್ ಮೂಲಕ. ಕೆನ್ನಿಂಗ್ಟನ್‌ನಲ್ಲಿ ಮತ್ತೆ ಭೇಟಿ. ಅಲ್ಲಿಂದ ಮಾರ್ಡನ್‌ಗೆ ಒಂದು, ಬ್ಯಾಟರ್‌ಸೀಗೆ ಒಂದು.

ಇದನ್ನು ಪೂರ್ತಿ ಎರಡು ಲೈನ್ ಮಾಡಿಬಿಡಬೇಕು ಅನ್ನುವ ಮಾತು ಬಹಳ ವರ್ಷಗಳಿಂದ ಇದೆ. ಎಜ್‌ವೇರ್‌ನಿಂದ ಹೊರಟದ್ದು ಯಾವಾಗಲೂ ಚೇರಿಂಗ್ ಕ್ರಾಸ್ ಮೂಲಕ ಬ್ಯಾಟರ್‌ಸೀಗೆ. ಹೈ ಬಾರ್ನೆಟ್‌ನಿಂದ ಹೊರಟದ್ದು ಯಾವಾಗಲೂ ಬ್ಯಾಂಕ್ ಮೂಲಕ ಮಾರ್ಡನ್‌ಗೆ. ಬೇರೆ ಕಡೆ ಹೋಗಬೇಕಾದವರು ಕ್ಯಾಮ್ಡೆನ್‌ನಲ್ಲಿ ಇಳಿದು ಬದಲಾಯಿಸಬೇಕು.

ನಾನಿರುವುದು ಎಜ್‌ವೇರ್ ಕವಲಿನ ಗೋಲ್ಡರ್ಸ್ ಗ್ರೀನ್, ಕೆಲಸ ಬ್ಯಾಂಕ್ ದಾರಿಯ ಮೂರ್‌ಗೇಟ್ ಹತ್ತಿರ. ಹೀಗೆ ಒಡೆದರೆ ನನ್ನ ನೇರ ರೈಲು ಹೋಗುತ್ತದೆ. ಆದರೂ ಒಡೆಯುವುದೇ ಸರಿ ಅಂತ ನನಗೆ ಅನಿಸುತ್ತಿದೆ. ನೀವೇನು ಹೇಳುತ್ತೀರಿ?

ಸಿಗ್ನಲ್‌ಹಸಿರು:
ಮೊದಲು ಕ್ಯಾಮ್ಡೆನ್ ನಿಲ್ದಾಣ ದೊಡ್ಡದು ಮಾಡಲಿ. ಆಮೇಲೆ ಮಿಕ್ಕ ಮಾತು.

ಬರ್ನ್ಟ್‌ಓಕ್‌ಅಕ್ಕ:
ನಾನು ಖಂಡಿತ ಒಪ್ಪುವುದಿಲ್ಲ. ನೇರ ರೈಲು ಅಂದರೆ ಬರೀ ಸಮಯದ ಲೆಕ್ಕ ಅಲ್ಲ. ನಮ್ಮತ್ತೆಗೆ ಮಂಡಿ ನೋವು. ಬರ್ನ್ಟ್ ಓಕ್‌ನಲ್ಲಿ ಹತ್ತಿ ಕೂತರೆ ಲಂಡನ್ ಬ್ರಿಡ್ಜ್‌ನಲ್ಲಿ ಎದ್ದರೆ ಸಾಕು. ನಡುವೆ ಇಳಿಸಿ, ಮೆಟ್ಟಿಲು, ಓಣಿ, ತಳ್ಳಾಟ, ಆಮೇಲೆ ಬರುವ ರೈಲಿನಲ್ಲಿ ಸೀಟು ಸಿಗುತ್ತದೋ ಇಲ್ಲವೋ. ನಕ್ಷೆ ನೋಡಿ ಗೆರೆ ಎಳೆಯುವವರಿಗೆ ಇದು ಕಾಣುವುದಿಲ್ಲ. ಒಮ್ಮೆ ಸಿಕ್ಕ ಸೀಟನ್ನು ಅರ್ಧ ದಾರಿಯಲ್ಲಿ ಬಿಟ್ಟುಕೊಡಿ ಅಂದರೆ ಯಾರು ಬಿಡುತ್ತಾರೆ?

ಹಳಿಮೇಲೆ:
ಅಕ್ಕ, ನಿಮ್ಮ ಮಾತು ನಿಜ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ವಿಕ್ಟೋರಿಯಾ ಲೈನ್‌ನಲ್ಲಿ 2017ರಿಂದ ಪೀಕ್ ಅವರ್‌ನಲ್ಲಿ ಗಂಟೆಗೆ 36 ರೈಲು ಓಡುತ್ತವೆ. ಅಂದರೆ 100 ಸೆಕೆಂಡಿಗೆ ಒಂದು. ಅದು ಹೇಗೆ ಸಾಧ್ಯ? ಆ ಲೈನಿಗೆ ಕವಲೇ ಇಲ್ಲ. ಎಲ್ಲ ರೈಲಿಗೂ ಒಂದೇ ದಾರಿ. ಒಂದು ಹೋಯಿತು, ಹಿಂದಿನದು ಬಂತು, ಅಷ್ಟೇ.

ನಾರ್ದರ್ನ್‌ನಲ್ಲಿ ಹಾಗಿಲ್ಲ. ಬಾರ್ನೆಟ್ ಕವಲಿನ ಫಿಂಚ್ಲಿಯಲ್ಲಿ ಯಾರದ್ದೋ ಬ್ಯಾಗ್ ಬಾಗಿಲಿಗೆ ಸಿಕ್ಕಿ ಒಂದು ರೈಲು ಒಂದೂವರೆ ನಿಮಿಷ ತಡ ಆಯಿತು ಅಂದುಕೊಳ್ಳಿ. ಕ್ಯಾಮ್ಡೆನ್‌ನಲ್ಲಿ ಅದರ ಹೊತ್ತಿಗೆ ಎಜ್‌ವೇರ್ ರೈಲು ಬಂದು ನಿಂತಿರುತ್ತದೆ. ಯಾವುದನ್ನು ಮೊದಲು ಬಿಡುವುದು? ಬಾರ್ನೆಟ್‌ನದ್ದು ಬಿಟ್ಟರೆ ಎಜ್‌ವೇರ್‌ನದ್ದು ತಡ. ಎಜ್‌ವೇರ್‌ನದ್ದು ಬಿಟ್ಟರೆ ಬಾರ್ನೆಟ್‌ನದ್ದು ಇನ್ನೂ ತಡ. ಒಂದು ಕವಲಿನ ತೊಂದರೆ ನಾಲ್ಕೂ ಕಡೆ ಹರಡುತ್ತದೆ. ಅದಕ್ಕೇ ಇಲ್ಲಿ ವೇಳಾಪಟ್ಟಿಯಲ್ಲಿ ಸ್ವಲ್ಪ ಜಾಗ ಖಾಲಿ ಇಟ್ಟುಕೊಳ್ಳಲೇಬೇಕು. ಆ ಖಾಲಿ ಜಾಗವೇ ನಮಗೆ ಸಿಗದ ರೈಲುಗಳು.

ಪ್ಲಾಟ್‌ಫಾರ್ಮ್9:
ಕ್ಯಾಮ್ಡೆನ್‌ನಲ್ಲಿ ರೈಲುಗಳು ಒಂದರ ಹಳಿಯನ್ನು ಒಂದು ದಾಟಬೇಕಲ್ವಾ, ಅದಕ್ಕೆ ತಡ.

ಹಳಿಮೇಲೆ:
ಇಲ್ಲ, ಅಲ್ಲಿ ಎದುರು ದಿಕ್ಕಿನ ರೈಲಿಗೆ ಅಡ್ಡ ಬರುವ ಹಳಿ ಒಂದೂ ಇಲ್ಲ. 1924ರಲ್ಲಿ ಕಟ್ಟಿದವರು ಸುರಂಗಗಳನ್ನು ಒಂದರ ಮೇಲೊಂದು ಹಾಯಿಸಿದ್ದಾರೆ. ಭಾರಿ ಚೆನ್ನಾಗಿ ಮಾಡಿದ ಕೆಲಸ ಅದು. ತೊಂದರೆ ಇರುವುದು ಸೇರುವ ಜಾಗದಲ್ಲಿ. ಎರಡು ಕಡೆಯಿಂದ ಬಂದ ರೈಲು ಒಂದೇ ಸುರಂಗಕ್ಕೆ ಹೋಗಬೇಕಾದರೆ ಒಂದು ಕಾಯಲೇಬೇಕು. ಸೇತುವೆ ಕಟ್ಟಿದರೂ ಸರದಿ ತಪ್ಪುವುದಿಲ್ಲ.

ಹಳೇನಕ್ಷೆ:
ಸ್ವಲ್ಪ ಚರಿತ್ರೆ ಹೇಳುತ್ತೇನೆ, ಬೇಡದವರು ಮುಂದಕ್ಕೆ ಹೋಗಿ.

ಇದು ಹುಟ್ಟಿನಿಂದ ಒಂದು ಲೈನ್ ಅಲ್ಲವೇ ಅಲ್ಲ. ಬ್ಯಾಂಕ್ ಕಡೆಯದ್ದು ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ. 1890ರಲ್ಲಿ ಶುರುವಾಯಿತು. ನೆಲದ ಆಳದಲ್ಲಿ ಕೊಳವೆ ಕೊರೆದು ವಿದ್ಯುತ್‌ನಲ್ಲಿ ರೈಲು ಓಡಿಸಿದ ಮೊದಲ ದೊಡ್ಡ ರೈಲ್ವೆ ಅದು. ಆಗ ಸ್ಟಾಕ್‌ವೆಲ್‌ನಿಂದ ಕಿಂಗ್ ವಿಲಿಯಂ ಸ್ಟ್ರೀಟ್‌ವರೆಗೆ ಮಾತ್ರ. ಚೇರಿಂಗ್ ಕ್ರಾಸ್ ಕಡೆಯದ್ದು ಬೇರೆ ಕಂಪನಿ, 1907ರಲ್ಲಿ ತೆರೆದದ್ದು, ಅಲ್ಲಿಂದ ಗೋಲ್ಡರ್ಸ್ ಗ್ರೀನ್‌ಗೆ ಒಂದು ಕವಲು, ಈಗಿನ ಆರ್ಚ್‌ವೇಗೆ ಇನ್ನೊಂದು. ಕ್ಯಾಮ್ಡೆನ್‌ನಲ್ಲಿ ಇವೆರಡನ್ನೂ ಜೋಡಿಸಿದ್ದು 1924ರಲ್ಲಿ. ಕೆನ್ನಿಂಗ್ಟನ್‌ನಲ್ಲಿ ಜೋಡಿಸಿದ್ದು, ಮಾರ್ಡನ್‌ವರೆಗೆ ಹೋದದ್ದು 1926ರಲ್ಲಿ. ನಾರ್ದರ್ನ್ ಲೈನ್ ಅನ್ನುವ ಹೆಸರು ಬಂದದ್ದು 1937ರಲ್ಲಿ. ಹೈ ಬಾರ್ನೆಟ್‌ಗೆ ಟ್ಯೂಬ್ ರೈಲು ಹೋದದ್ದು 1940ರಲ್ಲಿ.

ಹಾಗಾಗಿ 'ಒಡೆಯುವುದು' ಅಂತ ಹೆದರುವುದು ಬೇಡ. ಇದ್ದ ಎರಡನ್ನು ಮತ್ತೆ ಎರಡಾಗಿ ಓಡಿಸುವುದು.

ಬರ್ನ್ಟ್‌ಓಕ್‌ಅಕ್ಕ:
ಚರಿತ್ರೆ ಚೆನ್ನಾಗಿದೆ. ಆದರೆ ಸುಮಾರು ನೂರು ವರ್ಷದಿಂದ ಜನ ಜೋಡಿಸಿದ ಲೈನ್ ನಂಬಿ ಮನೆ ಮಾಡಿದ್ದಾರೆ, ಕೆಲಸ ಹಿಡಿದಿದ್ದಾರೆ. ಅದೂ ಚರಿತ್ರೆಯೇ ಅಲ್ವಾ?

ಹಳೇನಕ್ಷೆ:
ಅದು ಸರಿಯಾದ ಮಾತು ಮೇಡಂ.

ಟೂಟಿಂಗ್‌ಹುಡುಗ:
ದಕ್ಷಿಣದವರ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಇದು ಹೆಚ್ಚುಕಡಿಮೆ ಆಗಿಹೋಗಿದೆ. 2021ರ ಸೆಪ್ಟೆಂಬರ್‌ನಲ್ಲಿ ನೈನ್ ಎಲ್ಮ್ಸ್, ಬ್ಯಾಟರ್‌ಸೀ ಪವರ್ ಸ್ಟೇಷನ್ ತೆರೆದ ಮೇಲೆ ಚೇರಿಂಗ್ ಕ್ರಾಸ್ ರೈಲಿಗೆ ತನ್ನದೇ ಕೊನೆ ನಿಲ್ದಾಣ ಸಿಕ್ಕಿತು. ಮೊದಲು ಅವುಗಳಲ್ಲಿ ಬಹಳಷ್ಟು ಕೆನ್ನಿಂಗ್ಟನ್‌ನ ಆಚೆ ಇರುವ ಸುತ್ತು ಸುರಂಗದಲ್ಲಿ ತಿರುಗಿ ವಾಪಸ್ ಬರುತ್ತಿದ್ದವು. ಬೆಳಿಗ್ಗೆ ಟೂಟಿಂಗ್‌ನಿಂದ ಹತ್ತಿದರೆ ಬಹುಪಾಲು ಬ್ಯಾಂಕ್ ರೈಲೇ. ಲೆಸ್ಟರ್ ಸ್ಕ್ವೇರ್ ಬೇಕಾದರೆ ಕೆನ್ನಿಂಗ್ಟನ್‌ನಲ್ಲಿ ಇಳಿದು ಎದುರಿನ ಪ್ಲಾಟ್‌ಫಾರ್ಮ್‌ಗೆ ನಾಲ್ಕು ಹೆಜ್ಜೆ. ಮೆಟ್ಟಿಲು ಹತ್ತುವುದಿಲ್ಲ, ಇಳಿಯುವುದಿಲ್ಲ. ಬ್ಯಾಟರ್‌ಸೀ ಕೆಲಸದ ಜೊತೆಗೆ ಆ ಎರಡು ಪ್ಲಾಟ್‌ಫಾರ್ಮ್‌ಗಳ ನಡುವೆ ಇನ್ನಷ್ಟು ದಾರಿ ಕೊರೆದರು. ನಮಗೆ ಅಭ್ಯಾಸ ಆಗಿದೆ. ಯಾರೂ ಸತ್ತಿಲ್ಲ.

ಬರ್ನ್ಟ್‌ಓಕ್‌ಅಕ್ಕ:
ಅದು ಕೆನ್ನಿಂಗ್ಟನ್ ತಮ್ಮಾ. ಕ್ಯಾಮ್ಡೆನ್ ನೋಡಿದ್ದೀಯಾ?

ಟೂಟಿಂಗ್‌ಹುಡುಗ:
ನೋಡಿದ್ದೇನೆ ಅಕ್ಕ. ಅದೊಂದು ಮಾತು ಒಪ್ಪುತ್ತೇನೆ.

ಚಾಕ್‌ಫಾರ್ಮ್_ವಾಸಿ:
ಕ್ಯಾಮ್ಡೆನ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಸ್ಕಲೇಟರ್ ಇಳಿದರೆ ಎರಡೂ ಕಡೆ ಪ್ಲಾಟ್‌ಫಾರ್ಮ್. ದಕ್ಷಿಣಕ್ಕೆ ಹೋಗಬೇಕಾದವರು ಯಾರೂ ಸೀದಾ ಹೋಗಿ ನಿಲ್ಲುವುದಿಲ್ಲ. ಯಾಕೆಂದರೆ ಪ್ಲಾಟ್‌ಫಾರ್ಮ್ 2ಕ್ಕೆ ಎಜ್‌ವೇರ್‌ನಿಂದ ರೈಲು ಬರುತ್ತದೆ, 4ಕ್ಕೆ ಬಾರ್ನೆಟ್‌ನಿಂದ. ಎರಡರಲ್ಲಿ ಯಾವುದು ಬೇಕಾದರೂ ಬ್ಯಾಂಕ್‌ಗೆ ಹೋಗಬಹುದು, ಯಾವುದು ಬೇಕಾದರೂ ಚೇರಿಂಗ್ ಕ್ರಾಸ್‌ಗೆ ಹೋಗಬಹುದು. ಎಲ್ಲರೂ ಬೋರ್ಡ್ ಕೆಳಗೆ ತಲೆ ಎತ್ತಿ ನಿಂತಿರುತ್ತಾರೆ. '2ರಲ್ಲಿ ಬ್ಯಾಂಕ್, 4 ನಿಮಿಷ. 4ರಲ್ಲಿ ಬ್ಯಾಂಕ್, 1 ನಿಮಿಷ.' ತಕ್ಷಣ ಒಂದು ಗುಂಪು 4ರ ಕಡೆ ಓಡುತ್ತದೆ. ಅದೇ ಹೊತ್ತಿಗೆ 4ರಿಂದ ಇಳಿದವರು ಎದುರಿಗೆ ಬರುತ್ತಾರೆ. ಓಣಿ ಕಿರಿದು. ಗಾಲಿ ಸೂಟ್‌ಕೇಸ್ ಒಂದು ಅಡ್ಡ ಬಂದರೆ ಸಾಕು, ಎರಡೂ ಕಡೆ ನಿಂತುಬಿಡುತ್ತಾರೆ. ರೈಲಿನ ಬಾಗಿಲಲ್ಲಿ ಒಂದು ಕಾಲಿಟ್ಟು 'ಇದು ಬ್ಯಾಂಕಾ?' ಅಂತ ಕೇಳುವವರು ಬೇರೆ.

ನನಗೆ ಇದರಲ್ಲಿ ಕಾಣುವುದು ಏನೆಂದರೆ, ಲೈನ್ ಬೇರೆ ಮಾಡಿದರೆ ಈ ಓಟ ಅರ್ಧಕ್ಕರ್ಧ ನಿಲ್ಲುತ್ತದೆ. ಬ್ಯಾಂಕ್ ಅಂದರೆ ಯಾವಾಗಲೂ ಈ ಪ್ಲಾಟ್‌ಫಾರ್ಮ್, ಚೇರಿಂಗ್ ಕ್ರಾಸ್ ಅಂದರೆ ಯಾವಾಗಲೂ ಆ ಪ್ಲಾಟ್‌ಫಾರ್ಮ್. ಕಣ್ಣು ಮುಚ್ಚಿ ಹೋಗಿ ನಿಲ್ಲಬಹುದು.

ಸಿಗ್ನಲ್‌ಹಸಿರು:
ಈಗ ಓಡುವವರು ನಿಲ್ಲುತ್ತಾರೆ, ಸರಿ. ಈಗ ರೈಲಿನೊಳಗೇ ಕೂತು ಹೋಗುವವರು ಇಳಿಯುತ್ತಾರಲ್ಲ ಗುರು? ಅವರ ಸಂಖ್ಯೆ ಎಷ್ಟೋ ಪಾಲು ಜಾಸ್ತಿ. ಅವರೆಲ್ಲ ಅದೇ ಕಿರಿದಾದ ಓಣಿಗೆ ಬರುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಅಲ್ಲಿ ಏನಾಗಬಹುದು ಅಂತ ಯೋಚಿಸಿ. ನೂಕುನುಗ್ಗಲು ಅಂದರೆ ಬರೀ ಕಿರಿಕಿರಿ ಅಲ್ಲ, ನೆಲದಡಿಯಲ್ಲಿ ಅದು ಅಪಾಯ.

ಯೂಸ್ಟನ್‌ಕಡೆ:
ಕ್ಯಾಮ್ಡೆನ್ ಯಾಕೆ? ಯೂಸ್ಟನ್‌ನಲ್ಲೂ ಎರಡೂ ಲೈನ್ ಸಿಗುತ್ತವೆ. ಅಲ್ಲಿ ಬದಲಾಯಿಸಬಹುದು.

ಚಾಕ್‌ಫಾರ್ಮ್_ವಾಸಿ:
ಯೂಸ್ಟನ್‌ನಲ್ಲಿ ಆ ಎರಡು ಬೇರೆ ಬೇರೆ ಜಾಗದಲ್ಲಿವೆ. ಬ್ಯಾಂಕ್ ಕಡೆಯದ್ದರ ಪಕ್ಕದ ಪ್ಲಾಟ್‌ಫಾರ್ಮ್‌ನಲ್ಲಿ ಸಿಗುವುದು ವಿಕ್ಟೋರಿಯಾ ಲೈನ್. ಚೇರಿಂಗ್ ಕ್ರಾಸ್ ಕಡೆಯದ್ದಕ್ಕೆ ನಡೆಯಬೇಕು. ಮುಖ್ಯ ರೈಲುಗಳಿಂದ ಇಳಿದ ಜನ ಬೇರೆ. ಕೆಲವರು ಹೋಗಬಹುದು, ಎಲ್ಲರನ್ನೂ ಅಲ್ಲಿಗೆ ಕಳಿಸಲು ಆಗುವುದಿಲ್ಲ.

ಕೊನೆಬೋಗಿ:
ಕ್ಯಾಮ್ಡೆನ್ ದೊಡ್ಡದು ಮಾಡುವ ಯೋಜನೆ ಇತ್ತಲ್ವಾ? ಏನಾಯಿತು?

ಹಳೇನಕ್ಷೆ:
ಒಂದಲ್ಲ, ಎರಡು ಸಲ ಇತ್ತು. ಮೊದಲನೆಯದಕ್ಕೆ ಮೇಲಿನ ಹಳೇ ಕಟ್ಟಡಗಳನ್ನು ಕೆಡವಬೇಕಿತ್ತು. ಎಲೆಕ್ಟ್ರಿಕ್ ಬಾಲ್‌ರೂಂ ಅನ್ನುವ ಸಂಗೀತ ಸಭಾಂಗಣವೂ ಅದರಲ್ಲಿ ಸೇರಿತ್ತು. ಊರಿನವರು ತುಂಬಾ ವಿರೋಧಿಸಿದರು, 2005ರಲ್ಲಿ ಸರ್ಕಾರ ತಿರಸ್ಕರಿಸಿತು. ಎರಡನೇ ಸಲ ಬುದ್ಧಿವಂತಿಕೆಯಿಂದ ಬೇರೆ ಜಾಗ ಹುಡುಕಿದರು. ಬಕ್ ಸ್ಟ್ರೀಟ್ ಕಡೆಯಿಂದ ಹೊಸ ದ್ವಾರ, ಹೊಸ ಎಸ್ಕಲೇಟರ್, ಲಿಫ್ಟ್, ಪ್ಲಾಟ್‌ಫಾರ್ಮ್‌ಗಳ ನಡುವೆ ಅಗಲವಾದ ದಾರಿ. ಅದಕ್ಕೆ ಹಣ ಸಾಲದೆ 2018ರ ಕೊನೆಗೆ ಬದಿಗಿಟ್ಟರು. ಲೈನ್ ಬೇರೆ ಮಾಡುವ ಮಾತು ತಣ್ಣಗಾಗಲು ಇದೂ ಒಂದು ಮುಖ್ಯ ಕಾರಣ. ಕ್ಯಾಮ್ಡೆನ್ ಆಗದೆ ಉತ್ತರದಲ್ಲಿ ಬೇರೆ ಮಾಡಲು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ವಾರೆನ್‌ಸ್ಟ್ರೀಟ್:
ಬೇರೆ ಮಾಡುವುದು ಹೊಸದೇನಲ್ಲ. ಬೇಕರ್‌ಲೂ ಲೈನ್ ನೋಡಿ. 1939ರಿಂದ ಅದಕ್ಕೂ ಬೇಕರ್ ಸ್ಟ್ರೀಟ್‌ನಲ್ಲಿ ಎರಡು ಕವಲು ಇತ್ತು, ಸ್ಟ್ಯಾನ್‌ಮೋರ್‌ಗೆ ಒಂದು, ಕ್ವೀನ್ಸ್ ಪಾರ್ಕ್ ಕಡೆ ಒಂದು. ಎರಡರ ರೈಲೂ ಒಂದೇ ಸುರಂಗಕ್ಕೆ ತುರುಕಬೇಕಿತ್ತು. 1979ರಲ್ಲಿ ಸ್ಟ್ಯಾನ್‌ಮೋರ್ ಕವಲನ್ನು ಕಿತ್ತು ಜುಬಿಲಿ ಲೈನ್ ಮಾಡಿದರು. ಇವತ್ತು ಯಾರಾದರೂ ಅದನ್ನು ಮತ್ತೆ ಸೇರಿಸಿ ಅನ್ನುತ್ತಾರಾ?

ಪ್ಲಾಟ್‌ಫಾರ್ಮ್9:
ಆಗ ಹೊಸ ಸುರಂಗ ಕೊರೆದರು ಸರ್. ಬೇಕರ್ ಸ್ಟ್ರೀಟ್‌ನಿಂದ ಚೇರಿಂಗ್ ಕ್ರಾಸ್‌ವರೆಗೆ ಪೂರ್ತಿ ಹೊಸದು. ಜನರಿಗೆ ಒಂದು ಕೊಟ್ಟು ಒಂದು ತೆಗೆದುಕೊಂಡರು. ಇಲ್ಲಿ ಬರೀ ತೆಗೆದುಕೊಳ್ಳುವುದು.

ಹಳಿಮೇಲೆ:
ಅದನ್ನು ತಿರುಗಿಸಿ ನೋಡಿ. ಬೇಕರ್‌ಲೂ ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗಿತ್ತು. ಎರಡು ಕವಲು, ಒಂದೇ ಕಾಂಡ. ಅಂಥದ್ದನ್ನು ಬೇರೆ ಮಾಡಬೇಕಾದರೆ ಎರಡನೇ ಕಾಂಡ ಕೊರೆಯಲೇಬೇಕು, ಬೇರೆ ದಾರಿಯಿಲ್ಲ. ನಾರ್ದರ್ನ್‌ನ ಉತ್ತರ ಭಾಗ ಎಕ್ಸ್ ಅಕ್ಷರದ ಹಾಗಿದೆ. ಎರಡು ಕಡೆಯಿಂದ ಬರುತ್ತವೆ, ಎರಡು ಕಡೆಗೆ ಹೋಗುತ್ತವೆ. ನಗರದ ನಡುವಿನ ಎರಡು ಸುರಂಗ ಆಗಲೇ ಇವೆ! ಹೊಸ ಸುರಂಗ ಒಂದು ಅಡಿಯೂ ಬೇಡ. ಇಷ್ಟು ಅನುಕೂಲ ಇರುವ ಕವಲು ಲೈನ್ ಬೇರೆ ಊರುಗಳಲ್ಲಿ ಸಿಗುವುದು ಕಷ್ಟ.

ದೆಹಲಿಯ ಬ್ಲೂ ಲೈನ್ ನೋಡಿ. ಯಮುನಾ ಬ್ಯಾಂಕ್‌ನಲ್ಲಿ ನೋಯ್ಡಾ ಕಡೆ ಒಂದು, ವೈಶಾಲಿ ಕಡೆ ಒಂದು. ಅದು ವೈ. ಪ್ಯಾರಿಸ್‌ನ 13ನೇ ಲೈನ್ ಲಾ ಫೋರ್ಶ್‌ನಲ್ಲಿ ಎರಡಾಗುತ್ತದೆ. ಅದೂ ವೈ. ಅಲ್ಲಿ ರಶ್ಶು ತಡೆಯಲಾರದೆ 14ನೇ ಲೈನನ್ನು ಪಕ್ಕದಲ್ಲೇ ಎಳೆದುಕೊಂಡು ಹೋದರು, 2020ರ ಡಿಸೆಂಬರ್‌ನಲ್ಲಿ ಸೇಂಟ್ ಊವಾಂವರೆಗೆ, 2024ರಲ್ಲಿ ಇನ್ನೂ ಮುಂದಕ್ಕೆ. 13ನೇ ಲೈನ್ ಮಾತ್ರ ಇವತ್ತಿಗೂ ಒಡೆದಿಲ್ಲ. ಯಾಕೆ? ಒಡೆಯಲು ಎರಡನೇ ಕಾಂಡ ಇಲ್ಲ. ನಮ್ಮಲ್ಲಿ ಇದೆ, ಇದ್ದೂ ಬಳಸುತ್ತಿಲ್ಲ.

ವಾರೆನ್‌ಸ್ಟ್ರೀಟ್:
ಪ್ಯಾರಿಸ್‌ನವರು ಒಡೆದದ್ದೂ ಉಂಟು. 7ನೇ ಲೈನಿನ ಒಂದು ಕವಲನ್ನು 1967ರಲ್ಲಿ ಕತ್ತರಿಸಿ ಪುಟ್ಟ ಲೈನ್ ಮಾಡಿದರು. ಕಾಂಡ ಕೊರೆಯಲಿಲ್ಲ, ಆ ಕವಲಿನವರು ಲೂಯಿ ಬ್ಲಾಂಕ್‌ನಲ್ಲಿ ಇಳಿದು ಬದಲಾಯಿಸಬೇಕು, ಅಷ್ಟೇ.

ಬರ್ನ್ಟ್‌ಓಕ್‌ಅಕ್ಕ:
ನೋಡಿ, ಕೊನೆಗೆ ಇಳಿಯುವವರು ಕವಲಿನವರೇ!

ಮಿಲ್‌ಹಿಲ್‌ಬಾಲಕ:
ನಮ್ಮ ಮಿಲ್ ಹಿಲ್ ಈಸ್ಟ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಂದೇ ಹಳಿ, ಒಂದೇ ಪ್ಲಾಟ್‌ಫಾರ್ಮ್. ಬಹಳ ಹೊತ್ತು ಫಿಂಚ್ಲಿ ಸೆಂಟ್ರಲ್‌ಗೆ ಹೋಗಿ ಬರುವ ಒಂದೇ ರೈಲು. ಬದಲಾಯಿಸುವುದು ನಮಗೆ ಮಾಮೂಲು.

ಬಣ್ಣದಪೆಟ್ಟಿಗೆ:
ಬೇರೆ ಮಾಡಿದರೆ ಹೆಸರೇನು? ಕಪ್ಪು ಬಣ್ಣ ಯಾರಿಗೆ?

ಟೂಟಿಂಗ್‌ಹುಡುಗ:
ಕಪ್ಪು ನಮಗೆ. ಆದರೆ ನಾರ್ದರ್ನ್ ಅನ್ನುವ ಹೆಸರು ಎಜ್‌ವೇರ್‌ನವರಿಗೇ ಇರಲಿ. ಇಡೀ ಟ್ಯೂಬ್‌ನಲ್ಲಿ ಎಲ್ಲಕ್ಕಿಂತ ದಕ್ಷಿಣದ ನಿಲ್ದಾಣ ಮಾರ್ಡನ್. ಅಲ್ಲಿಗೆ ಹೋಗುವ ಲೈನಿಗೆ ಉತ್ತರದ ಹೆಸರು ಯಾಕೆ?

ಬಣ್ಣದಪೆಟ್ಟಿಗೆ:
2024ರಲ್ಲಿ ಓವರ್‌ಗ್ರೌಂಡ್ ಅನ್ನುವ ಲಂಡನ್‌ನ ಇನ್ನೊಂದು ರೈಲು ಜಾಲದ ಲೈನ್‌ಗಳಿಗೆ ಆರು ಹೆಸರು ಕೊಟ್ಟರಲ್ಲ, ಲಯನೆಸ್, ಮೈಲ್ಡ್‌ಮೇ, ವಿಂಡ್‌ರಶ್, ವೀವರ್, ಸಫ್ರಜೆಟ್, ಲಿಬರ್ಟಿ. ಆಗ ತುಂಬಾ ಜನ ಗೊಣಗಿದರು. ನನಗಂತೂ ಉಪಕಾರ ಆಯಿತು. ಮೊದಲು ಎಲ್ಲ ಒಂದೇ ಕಿತ್ತಳೆ ಬಣ್ಣ, ಯಾವುದೋ ಒಂದು ಕಡೆ ರೈಲು ನಿಂತರೆ ಎಲ್ಲ ಕಡೆಯವರಿಗೂ ಗಾಬರಿ. ನಾರ್ದರ್ನ್‌ನಲ್ಲೂ ಅದೇ ಕಥೆ. 'ನಾರ್ದರ್ನ್ ಲೈನ್‌ನಲ್ಲಿ ವಿಳಂಬ' ಅಂತ ಫೋನಿನಲ್ಲಿ ಬಂದರೆ ಯಾವ ಕವಲು ಅಂತ ಇನ್ನೊಂದು ಸಲ ಹುಡುಕಬೇಕು. ರೈಲು ಈಗಿನ ಹಾಗೇ ಓಡಲಿ, ಕನಿಷ್ಠ ಎರಡು ಬಣ್ಣ ಮಾಡಿ ಅನ್ನುತ್ತೇನೆ.

ಹಳಿಮೇಲೆ:
ರೈಲು ಬೆರೆತು ಓಡುವಾಗ ಬಣ್ಣ ಎರಡು ಮಾಡಿದರೆ ಎಜ್‌ವೇರ್ ಕವಲಿಗೆ ಎರಡೂ ಬಣ್ಣ, ಬಾರ್ನೆಟ್ ಕವಲಿಗೂ ಎರಡೂ ಬಣ್ಣ. ಆಗ ನಕ್ಷೆ ಇನ್ನೂ ಗೋಜಲು.

ಬಣ್ಣದಪೆಟ್ಟಿಗೆ:
ಹ್ಮ್. ಅದು ಹೌದು.

ಅರ್ಧಚಂದ್ರ:
ಮಾರ್ನಿಂಗ್ಟನ್ ಕ್ರೆಸೆಂಟ್ ಬಗ್ಗೆ ಒಂದು ಮಾತು. ಅದು ಚೇರಿಂಗ್ ಕ್ರಾಸ್ ದಾರಿಯಲ್ಲಿ ಮಾತ್ರ ಇದೆ. ಲಿಫ್ಟ್ ಕೆಲಸಕ್ಕೆ ಅಂತ 1992ರಲ್ಲಿ ಮುಚ್ಚಿದ್ದನ್ನು 1998ರಲ್ಲಿ ತೆರೆದರು. ಕ್ಯಾಮ್ಡೆನ್‌ಗೆ ಅಷ್ಟು ಹತ್ತಿರ ಇದೆ. ಮೇಲೆ ನಡೆದುಕೊಂಡು ಹೋಗುವವರಿಗೆ ಇದನ್ನು ಸರಿಯಾಗಿ ತಿಳಿಸಿದರೆ ಕ್ಯಾಮ್ಡೆನ್ ರಶ್ಶು ಸ್ವಲ್ಪವಾದರೂ ಇಳಿಯುತ್ತದೆ. ವಾರಾಂತ್ಯದಲ್ಲಿ ಮಾರ್ಕೆಟ್‌ಗೆ ಬರುವವರು ಇದನ್ನು ಬಳಸುವುದೇ ಇಲ್ಲ.

ಆಳದವನು:
ಮಧ್ಯೆ ಒಂದು ಸಂಗತಿ. ಮಾರ್ಡನ್‌ನಿಂದ ಬ್ಯಾಂಕ್ ಮೂಲಕ ಈಸ್ಟ್ ಫಿಂಚ್ಲಿವರೆಗೆ ಪೂರ್ತಿ ಸುರಂಗ, 27.8 ಕಿಲೋಮೀಟರ್. ಒಂದು ಕಾಲಕ್ಕೆ ಜಗತ್ತಿನ ಅತಿ ಉದ್ದದ ರೈಲು ಸುರಂಗ ಅದು. ಬೇರೆ ಮಾಡಿದರೂ ಆ ಓಟ ಉಳಿಯುತ್ತದೆ ಅನ್ನುವುದು ನನಗೆ ಸಮಾಧಾನ.

ಡಿಪೋಪಕ್ಕ:
ಎಲ್ಲರೂ ಎಜ್‌ವೇರ್‌ಗೆ ಚೇರಿಂಗ್ ಕ್ರಾಸ್ ಅಂತಲೇ ಇಟ್ಟುಕೊಂಡು ಮಾತಾಡುತ್ತಿದ್ದೀರಿ. ತಿರುಗಿಸಿ ಎಜ್‌ವೇರ್‌ಗೆ ಬ್ಯಾಂಕ್, ಬಾರ್ನೆಟ್‌ಗೆ ಚೇರಿಂಗ್ ಕ್ರಾಸ್ ಯಾಕೆ ಮಾಡಬಾರದು ಅಂತ ಕೇಳುವವರೂ ಇದ್ದಾರೆ. ನನ್ನ ಉತ್ತರ: ಡಿಪೋ. ದೊಡ್ಡ ಡಿಪೋ ಎರಡು, ಗೋಲ್ಡರ್ಸ್ ಗ್ರೀನ್ ಮತ್ತು ಮಾರ್ಡನ್. ಮಾರ್ಡನ್ ಹೇಗಿದ್ದರೂ ಬ್ಯಾಂಕ್ ಲೈನಿನ ತುದಿ. ಎಜ್‌ವೇರನ್ನೂ ಬ್ಯಾಂಕ್‌ಗೆ ಕೊಟ್ಟರೆ ಎರಡು ದೊಡ್ಡ ಡಿಪೋ ಒಂದೇ ಲೈನಿಗೆ. ಇನ್ನೊಂದಕ್ಕೆ ರಾತ್ರಿ ರೈಲು ನಿಲ್ಲಿಸಲು, ದುರಸ್ತಿಗೆ ಒದ್ದಾಟ. ಎಜ್‌ವೇರ್‌ನದ್ದು ಚೇರಿಂಗ್ ಕ್ರಾಸ್‌ಗೆ ಹೋದರೆ ಒಂದೊಂದಕ್ಕೆ ಒಂದು ದೊಡ್ಡ ಡಿಪೋ. ಬಾರ್ನೆಟ್ ಕವಲಿನಲ್ಲಿ ಹೈಗೇಟ್‌ನಲ್ಲೂ ರೈಲು ನಿಲ್ಲಿಸುವ ಜಾಗ ಇದೆ.

ಪ್ಲಾಟ್‌ಫಾರ್ಮ್9:
ಖಾಲಿ ರೈಲನ್ನು ಕ್ಯಾಮ್ಡೆನ್ ಮೂಲಕ ಆಚೆ ದಾಟಿಸಬಹುದಲ್ಲ? ಹಳಿ ಕಿತ್ತು ಹಾಕುವುದಿಲ್ಲವಲ್ಲ?

ಡಿಪೋಪಕ್ಕ:
ರಾತ್ರಿ ಹೊತ್ತು ದಾಟಿಸಬಹುದು. ಬೆಳಿಗ್ಗೆ ಆರು ಗಂಟೆಗೆ ಎಲ್ಲ ರೈಲನ್ನೂ ಹೊರಗೆ ಬಿಡುವಾಗ ದಾಟಿಸುತ್ತಾ ಕೂತರೆ ಬೇರೆ ಮಾಡಿದ ಪ್ರಯೋಜನ ಅಲ್ಲೇ ಹೋಯಿತು.

ರಾತ್ರಿಪಾಳಿ:
ರಾತ್ರಿ ಅಂದದ್ದಕ್ಕೆ ನೆನಪಾಯಿತು. ಶುಕ್ರವಾರ, ಶನಿವಾರದ ನೈಟ್ ಟ್ಯೂಬ್‌ನಲ್ಲಿ ಬ್ಯಾಂಕ್ ಕಡೆ ರೈಲೇ ಇಲ್ಲ. ಎಜ್‌ವೇರ್‌ನದ್ದೂ ಬಾರ್ನೆಟ್‌ನದ್ದೂ ಚೇರಿಂಗ್ ಕ್ರಾಸ್ ಮೂಲಕ ಮಾರ್ಡನ್‌ಗೆ. ನಾನು ವಾಟರ್‌ಲೂ ಹತ್ತಿರ ರಾತ್ರಿ ಕೆಲಸ ಮುಗಿಸಿ ಈಸ್ಟ್ ಫಿಂಚ್ಲಿಗೆ ಅದರಲ್ಲೇ ಬರುವವನು. ಪೂರ್ತಿ ಬೇರೆ ಮಾಡಿದರೆ ಇದನ್ನೂ ಕೀಳುತ್ತಾರಾ? ಬೆಳಗಿನ ಜಾವ ಮೂರಕ್ಕೆ ಕ್ಯಾಮ್ಡೆನ್‌ನಲ್ಲಿ ಇಳಿದು ಕಾಯುವುದು ಬೇಡವೇ ಬೇಡ.

ಹಳಿಮೇಲೆ:
ಅದನ್ನು ಮುಟ್ಟಬೇಕಾಗಿಲ್ಲ. ರಾತ್ರಿ ರೈಲು ಕಮ್ಮಿ, ಬೆರೆತು ಓಡಿದರೆ ಯಾರಿಗೂ ತೊಂದರೆಯಿಲ್ಲ.

ಸಿಗ್ನಲ್‌ಹಸಿರು:
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. 2014ರಲ್ಲಿ ಹೊಸ ಸಿಗ್ನಲ್ ಬಂತು, ರೈಲು ತಾನಾಗಿ ಓಡುತ್ತದೆ. ಅದರಿಂದ ಬೇರೆ ಮಾಡದೆಯೂ ರೈಲು ಜಾಸ್ತಿ ಆಯಿತು. ಇನ್ನೂ ಜಾಸ್ತಿ ಬೇಕು ಅಂದರೆ ರೈಲು ಎಲ್ಲಿದೆ? ಇರುವುದು 106, ಎಲ್ಲ 1990ರ ದಶಕದಲ್ಲಿ ಆರ್ಡರ್ ಕೊಟ್ಟವು. ಹೊಸ ರೈಲು ಕೊಳ್ಳದೆ ಲೈನ್ ಬೇರೆ ಮಾಡಿದರೆ ಜನ ಇಳಿದು ಬದಲಾಯಿಸುವ ಕಷ್ಟ ಮಾತ್ರ ಸಿಗುತ್ತದೆ, ಪ್ರತಿಫಲ ಸಿಗುವುದಿಲ್ಲ. ಹಾಗಾಗಿ ಕೆಲಸ ಒಂದು ಸಾಲಿನಲ್ಲಿ ಆಗಬೇಕು. ಕ್ಯಾಮ್ಡೆನ್ ಮೊದಲು, ರೈಲು ಆಮೇಲೆ, ಲೈನ್ ಬೇರೆ ಮಾಡುವುದು ಕೊನೆಗೆ. ಈ ಸಾಲು ತಪ್ಪಿಸಿ ಅರ್ಜೆಂಟ್ ಮಾಡಿದರೆ ನಾನೂ ಅಕ್ಕನ ಪಕ್ಷ.

ಕೊನೆಬೋಗಿ:
ಇದನ್ನು ಒಪ್ಪುತ್ತೇನೆ. ಬೇರೆ ಮಾಡಬೇಕು ಅನ್ನುವ ಮಾತು ಬಿಡುವುದಿಲ್ಲ. ಎರಡು ನಿಮಿಷಕ್ಕೊಂದು ರೈಲು, ಯಾವ ಪ್ಲಾಟ್‌ಫಾರ್ಮ್ ಅಂತ ಯೋಚಿಸದೆ ಹೋಗಿ ನಿಲ್ಲುವ ನೆಮ್ಮದಿ, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಓಡುತ್ತಲೇ ಇರುವ ಲೈನ್. ಇದಕ್ಕಾಗಿ ನನ್ನ ನೇರ ರೈಲು ಬಿಡಲು ತಯಾರಿದ್ದೇನೆ. ಆದರೆ ಬರ್ನ್ಟ್ ಓಕ್ ಅಕ್ಕನ ಅತ್ತೆಗೆ ಲಿಫ್ಟ್ ಇಲ್ಲದ ನಿಲ್ದಾಣದಲ್ಲಿ ಇಳಿಯಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅಕ್ಕ, ಒಂದು ಕೇಳುತ್ತೇನೆ. ಬೆಳಿಗ್ಗೆ ಪೀಕ್‌ನಲ್ಲಿ ಮಾತ್ರ ಬೇರೆ ಓಡಿಸಿ, ಹತ್ತು ಗಂಟೆ ಮೇಲೆ ಈಗಿನ ಹಾಗೆ ಬೆರೆಸಿದರೆ?

ಬರ್ನ್ಟ್‌ಓಕ್‌ಅಕ್ಕ:
ನಮ್ಮತ್ತೆಗೆ ಆಸ್ಪತ್ರೆಯ ಸಮಯ ಸಾಮಾನ್ಯವಾಗಿ ಹನ್ನೊಂದರ ಮೇಲೆ. ಹಾಗಾದರೆ ಯೋಚಿಸಬಹುದು. ಆದರೆ ಪೀಕ್‌ನಲ್ಲೇ ಅಲ್ವಾ ಕ್ಯಾಮ್ಡೆನ್ ಓಣಿ ತುಂಬುವುದು? ಅದಕ್ಕೆ ಉತ್ತರ ಹೇಳಿ.

ಚಾಕ್‌ಫಾರ್ಮ್_ವಾಸಿ:
ಬೆಳಿಗ್ಗೆ ಎಲ್ಲರೂ ದಕ್ಷಿಣಕ್ಕೆ ಹೋಗುವವರು, ಅಂದರೆ 2 ಮತ್ತು 4ರ ನಡುವಿನ ಓಡಾಟ. ಅಲ್ಲಿ 2ರಿಂದ 4ಕ್ಕೆ ಒಂದು ಓಣಿ, 4ರಿಂದ 2ಕ್ಕೆ ಇನ್ನೊಂದು ಅಂತ ಏಕಮುಖ ಮಾಡಿ, ಸಿಬ್ಬಂದಿ ನಿಲ್ಲಿಸಿ ನೋಡಬಹುದು. ಸಾಯಂಕಾಲ ಮಾಡುವುದು ಬೇಡ, ಆಗ ಮೇಲಿನಿಂದ ಬರುವವರೂ ಸೇರಿಕೊಳ್ಳುತ್ತಾರೆ.

ಸಿಗ್ನಲ್‌ಹಸಿರು:
ಶಾಲೆ ರಜೆ ಇರುವ ಆಗಸ್ಟ್‌ನಲ್ಲಿ ಮಾಡಿ ನೋಡಲಿ. ಜನ ಕಮ್ಮಿ ಇರುತ್ತಾರೆ. ಓಣಿ ಆಗಲೂ ತುಂಬಿದರೆ ಮಿಕ್ಕ ತಿಂಗಳ ಬಗ್ಗೆ ಕೇಳುವುದೇ ಬೇಡ.

ಬರ್ನ್ಟ್‌ಓಕ್‌ಅಕ್ಕ:
ಆಗಸ್ಟ್‌ನಲ್ಲಿ ಪಾಸಾಯಿತು ಅಂತ ಸೆಪ್ಟೆಂಬರ್‌ನಲ್ಲಿ ಕಾಯಂ ಮಾಡಬಾರದು. ನವೆಂಬರ್‌ನಲ್ಲೂ ಒಂದು ಸಲ ನೋಡಲಿ.